ಅಳ್ಳದ ಓನರಮ್ಮ

ನಮ್ಮ ಓನರಮ್ಮನ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಓಲೆ ಬಲಗಿವಿಗೆ ಮಾತ್ರ. ಸೀಳಿದ ಕಿವಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಹೆಂಗಸಲ್ಲ ಆಕೆ. ಯಾರಾದರೂ ಅತ್ತ ನೋಡಿದರೆ ತಲೆ ಓರೆ ಮಾಡಿ ಇನ್ನೂ ಸರಿಯಾಗಿ ತೋರಿಸುತ್ತಿದ್ದಳು. ಮನೆಯ ಪಕ್ಕದ ಹಳ್ಳಕ್ಕೆ ಕಟ್ಟಡದ ಕಸ ಸುರಿಯಲು ಬಂದ ಟ್ರ್ಯಾಕ್ಟರಿನವನ ಕಾಲರ್ ಹಿಡಿದಿದ್ದಳಂತೆ. ಅವನು ಓಲೆಗೆ ಕೈ ಹಾಕಿ ಎಳೆದನಂತೆ. "ಓಲೆ ಅವ್ನ್ ಕೈಲಿ ಓಯ್ತು, ಅವ್ನ್ ಅಲ್ಲು ನನ್ ಅಳ್ಳದಾಗೆ ಬಿತ್ತು. ಅಲ್ಲಿಗಲ್ಲಿಗೆ ಸರೋಯ್ತು ಬುಡು," ಎಂದು ನಗುತ್ತಿದ್ದಳು. ಹಕಾರ ಆಕೆಯ ಬಾಯಿಗೆ ಬರುತ್ತಲೇ ಇರಲಿಲ್ಲ. ಹಲ್ಲು ಅಲ್ಲಾಗುತ್ತಿತ್ತು, ಹಳ್ಳ ಅಳ್ಳವಾಗುತ್ತಿತ್ತು.

ನಾನು ಬಾಗಲಕೋಟೆ ಕಡೆಯಿಂದ ಪೀಣ್ಯಕ್ಕೆ ಕೆಲಸಕ್ಕೆ ಬಂದ ಹೊಸತು. ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದವು. ಫ್ಯಾಕ್ಟರಿಗಳ ಬೆನ್ನಿಗೆ, ಹಳ್ಳದ ದಂಡೆಯ ಮೇಲೆ ಶೀಟಿನ ರೂಮುಗಳ ಸಾಲು, ಅಷ್ಟೂ ಆಕೆಯದು. ನಾನು ಹೋಗಿ ಕೈಮುಗಿದು, "ಅಮ್ಮಾರ, ಗಟಾರದ ಬಾಜೂಕ ಖೋಲಿ ಖಾಲಿ ಐತಂತಲ್ರೀ?" ಎಂದೆ. ಇಲ್ಲಿನವರು ಮೋರಿ ಎನ್ನುವುದಕ್ಕೆ ನಾವು ಗಟಾರ ಎನ್ನುತ್ತೇವೆ, ಅದರಲ್ಲಿ ನನ್ನ ತಪ್ಪೇನು? ಕಪಾಳಕ್ಕೆ ಬಿತ್ತು ನೋಡಿ, ಕಿವಿ ಗುಂಯ್ ಎಂದಿತು.

"ಗಟಾರ ಅಂತೆ ಗಟಾರ! ಅದು ಅಳ್ಳ ಕಣ್ಲಾ. ಎಲ್ಲಿ, ಏಳು."

"ಹಳ್ಳರೀ, ಅಮ್ಮಾರ."

"ಆಂ. ಒಳೀಕ್ ಬಾ, ಮುದ್ದೆ ಉಣ್ಣು."

ಹೊಡೆದ ಕೈಯಲ್ಲೇ ಸಾರು ಬಡಿಸಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಹಸಿವು ಅದಕ್ಕಿಂತ ಜೋರಾಗಿತ್ತು. ಉಂಡೆ.

ಒಂದು ಪದಕ್ಕೆ ಇಷ್ಟೊಂದು ರಂಪ ಯಾಕೆ ಎಂದು ಆಮೇಲೊಮ್ಮೆ ಕೇಳಿದೆ. "ಮೋರಿ ಅಂದ್ರೆ ಯಾವನ್ ಬೇಕಾದ್ರೂ ಬಂದ್ ಸುರೀತಾನೆ ಕಣ್ಲಾ. ಅಳ್ಳ ಅಂದ್ರೆ ಸುರಿಯಕ್ ಮುಂಚೆ ಒಂದ್ ಕಿತ ಅತ್ತಿತ್ತ ನೋಡ್ತಾನೆ," ಎಂದಳು. ಆಕೆ ಆ ಹಳ್ಳದಲ್ಲಿ ಏಡಿ ಹಿಡಿದು ಬೆಳೆದವಳು. ಕಣ್ಣು ಮುಚ್ಚುವ ಮೊದಲು ಒಂದು ಸಲ ಅದರಲ್ಲಿ ಏಡಿ ನೋಡಬೇಕು, ಅದೊಂದೇ ಹಠ.

ಆ ಹಠಕ್ಕೆ ನಮ್ಮ ಭಾನುವಾರಗಳು ಬಲಿಯಾದವು. ಬಾಗಿಲು ಒದ್ದು ಎಬ್ಬಿಸುತ್ತಿದ್ದಳು. ಸನಿಕೆ, ಬಾಂಡ್ಲಿ ಹಿಡಿದು ಮೊಣಕಾಲುದ್ದದ ರೊಚ್ಚಿಗೆ ಇಳಿಯಬೇಕು. ಸತ್ತ ನಾಯಿ, ಕೊಳೆತ ಹಾಸಿಗೆ, ಒಡೆದ ಕಮೋಡು ಎಲ್ಲವನ್ನೂ ಎತ್ತಿ ಹಾಕಬೇಕು. ಒಬ್ಬ ಬಾಡಿಗೆಯವನು ಕಿಟಕಿಯಿಂದ ಹಳ್ಳಕ್ಕೆ ಕಸದ ಕವರ್ ಎಸೆದ. ಆಕೆ ಅದೇ ಕವರನ್ನು ಅವನ ಹಾಸಿಗೆಯ ಮೇಲೆ ಬಿಚ್ಚಿ ಸುರಿದು, ಪೊರಕೆಯಲ್ಲಿ ಬಡಿಯುತ್ತ ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋದಳು. ಮುಂದಿನ ವಾರ ಎಲ್ಲರಿಗಿಂತ ಮೊದಲು ಕೆಸರಿಗಿಳಿದವನು ಅವನೇ. ಎದುರಿನ ಅಪಾರ್ಟ್‌ಮೆಂಟಿನ ಸಾಹೇಬರೊಬ್ಬರು ನಾಲ್ಕಾರು ಜನರನ್ನು ಕರೆದುಕೊಂಡು, ಗ್ಲೌಸು ಹಾಕಿಕೊಂಡು ಬಂದರು. "ಮೇಡಂ, ಈ ಡ್ರೈನ್ ಕ್ಲೀನ್ ಆಗ್ಬಿಟ್ರೆ..." ಎನ್ನುತ್ತಿದ್ದಂತೆ ಆಕೆಯ ಕೈ ಮೇಲೆದ್ದಿತು. ನಾನು ಮಧ್ಯೆ ಬಿದ್ದು, "ಸಾರ್, ಹಳ್ಳ ಅನ್ರಿ, ಲಗೂನ ಅನ್ರಿ!" ಎಂದು ಕೂಗಿದೆ. ಪಾಪ, ಹೆದರಿ ಅಂದರು. ಮಧ್ಯಾಹ್ನ ಅವರಿಗೂ ಮುದ್ದೆ ಸಿಕ್ಕಿತು.

ಆ ವರ್ಷದ ಮುಂಗಾರಿನಲ್ಲಿ ನೀರು ತಳ ಕಾಣುವಷ್ಟು ತಿಳಿಯಾಯಿತು. ಒಂದು ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಏಡಿ! ಓನರಮ್ಮ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, "ಬಂದ್ಯಾ ನನ್ನಪ್ಪಾ, ಬಂದ್ಯಾ," ಎಂದು ಅದರೊಡನೆ ಮಾತಾಡುತ್ತ ಅತ್ತುಬಿಟ್ಟಳು. ಆಕೆ ಅತ್ತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ವಾರ ತುಂಬಿರಲಿಲ್ಲ. ಪ್ಲೇಟಿಂಗ್ ಫ್ಯಾಕ್ಟರಿಯ ಆ್ಯಸಿಡ್ ನೀರನ್ನು ಕದ್ದು ಸುರಿಯುವ ಟ್ಯಾಂಕರಿನವರು ಮಳೆ ಹೊಡೆಯುವಾಗಲೇ ಬರುತ್ತಿದ್ದರು. ಕೆಂಪು ಮಳೆನೀರಿನಲ್ಲಿ ಬಣ್ಣ ಯಾರಿಗೆ ಕಾಣಬೇಕು? ಅವತ್ತೂ ಮಳೆ ಸುರಿಯುತ್ತಿರುವಾಗಲೇ, ಹಾಡಹಗಲಲ್ಲಿ ಬಂದರು. ನಾವು ನೋಡುವಷ್ಟರಲ್ಲಿ ಪೈಪು ಹಳ್ಳದೊಳಗಿತ್ತು, ಏಡಿಗಳು ದಂಡೆ ಹತ್ತಿ ಬಂದು ಕಾಲು ಬಡಿಯುತ್ತಿದ್ದವು. ಓನರಮ್ಮ ಸನಿಕೆ ಬೀಸಿದ ಏಟಿಗೆ ಟ್ಯಾಂಕರಿನ ಮುಂದಿನ ಗಾಜು ಪುಡಿಯಾಯಿತು. ಎರಡನೆಯ ಏಟು ಡ್ರೈವರನ ಭುಜಕ್ಕೆ. ಅಷ್ಟರಲ್ಲಿ ಹಿಂದಿನಿಂದ ಬಂದ ಕ್ಲೀನರ್ ಜಾಕಿ ರಾಡಿನಿಂದ ಆಕೆಯ ತಲೆಗೆ ಹೊಡೆದ. ನಾವು ಓಡಿ ಮುಟ್ಟುವ ಮೊದಲೇ ಇನ್ನೊಂದು ಹೊಡೆದ. ಆಮೇಲೆ ಹುಡುಗರು ಅವರಿಬ್ಬರನ್ನೂ ಕೈಕಾಲು ಮುರಿಯುವ ಹಾಗೆ ಬಡಿದರು. ಅದಕ್ಕೆ ನನಗೆ ಇವತ್ತಿಗೂ ಒಂದು ಚೂರು ಬೇಜಾರಿಲ್ಲ.

ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಸೀಳಿದ ಕಿವಿಯ ಮೇಲೆ ರಕ್ತ ಹರಿಯುತ್ತಿತ್ತು, ಎಷ್ಟು ಒರೆಸಿದರೂ ನಿಲ್ಲಲಿಲ್ಲ. "ಮದ್ಲು ಪೈಪ್ ತೆಗೀರ್ಲಾ," ಎಂದಳು. ತೆಗೆದೆವು. ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ ಉಸಿರು ನಿಂತಿತು. ನಾನು ಅವ್ವಾ ಅವ್ವಾ ಎಂದು ಕೂಗಿದೆನಂತೆ, ನನಗೆ ನೆನಪಿಲ್ಲ.

ಸ್ಟೇಷನ್ನಿನಲ್ಲಿ ರೈಟರ್ ನನ್ನ ಹೇಳಿಕೆ ಬರೆದುಕೊಂಡು ಓದಿ ಹೇಳಿದ: "ಮೋರಿಯ ಪಕ್ಕದಲ್ಲಿ ಗಲಾಟೆಯಾಗಿ..."

"ಮೋರಿ ಅಲ್ರೀ ಸಾರ್, ಹಳ್ಳ."

"ಎರಡೂ ಒಂದೇ ಕಣಯ್ಯ. ಸೈನ್ ಹಾಕು."

"ಒಂದ ಅಲ್ರೀ. ಹಳ್ಳ ಅಂತ ಬರೀರಿ, ಹಾಕ್ತೀನಿ."

ಮೇಜಿನ ಆಚೆಯಿಂದ ಕಪಾಳಕ್ಕೆ ಬಿತ್ತು. ಅದೇ ಕೆನ್ನೆ. ಓನರಮ್ಮನ ಏಟು ತಿಂದವನಿಗೆ ಇದು ಯಾವ ಲೆಕ್ಕ! "ಹಳ್ಳರೀ ಸಾರ್," ಎಂದೆ. ಹಿಂದೆ ನಿಂತಿದ್ದ, ಪೊರಕೆ ಏಟು ತಿಂದವನು, "ಹಳ್ಳ ಸಾರ್," ಎಂದ. ಅವನ ಪಕ್ಕದವನೂ ಅಂದ. ಬಾಗಿಲಲ್ಲಿ ನಿಂತಿದ್ದ ಅಪಾರ್ಟ್‌ಮೆಂಟಿನ ಸಾಹೇಬರು, ಈ ಸಲ ಯಾರೂ ಕೈ ಎತ್ತದೆಯೇ, "ಅದು ಹಳ್ಳ ಕಣ್ರೀ," ಎಂದರು. ರೈಟರ್ ನಮ್ಮೆಲ್ಲರ ಮುಖ ನೋಡಿದ. ಗೊಣಗುತ್ತ ಮೋರಿಗೆ ಗೀಟು ಎಳೆದು, ಮೇಲೆ ಹಳ್ಳ ಎಂದು ಬರೆದ.

ನಾನು ಸೈನ್ ಹಾಕಿದೆ. ಆಕೆ ಇದ್ದಿದ್ದರೆ ಅದನ್ನೂ ಅಳ್ಳ ಅಂತಲೇ ಓದುತ್ತಿದ್ದಳು.