ಜಡ್ಜ್ ಕ್ಲಾಗೆಟ್ ಕೈಕುಲುಕುತ್ತಿದ್ದ ರೀತಿ

ನಮ್ಮ ಮೇಲ್ಮನವಿ ಕೋರ್ಟಿನಲ್ಲಿ ಒಂದು ಪದ್ಧತಿ. ವಾದ ಮುಗಿದ ಮೇಲೆ ಮೂವರು ನ್ಯಾಯಾಧೀಶರೂ ಪೀಠದಿಂದ ಕೆಳಗಿಳಿದು ಬಂದು ಎರಡೂ ಕಡೆಯ ವಕೀಲರ ಕೈಕುಲುಕುತ್ತಾರೆ. ಮೊಕದ್ದಮೆಯ ಬಗ್ಗೆ ಮಾತ್ರ ತುಟಿಪಿಟಕ್ಕೆನ್ನುವಂತಿಲ್ಲ. ಜಡ್ಜ್ ಥರ್ಮನ್ ಕ್ಲಾಗೆಟ್ ಅವರ ಕಾರ್ಯದರ್ಶಿಯಾಗಿ ಅರ್ಧ ಆಯುಷ್ಯ ಸವೆಸಿದ ನನಗೆ ಒಂದು ಗುಟ್ಟು ಗೊತ್ತಿತ್ತು. ಯಾರ ವಿರುದ್ಧ ಮತ ಹಾಕಲಿದ್ದಾರೋ ಅವರ ಕೈಯನ್ನು ಜಡ್ಜ್ ತಮ್ಮ ಎರಡೂ ಕೈಗಳಿಂದ ಹಿಡಿಯುತ್ತಿದ್ದರು. ಮರುಕವೇ ಹಾಗೆ ಮಾಡಿಸುತ್ತಿತ್ತು. ಅದು ಅವರಿಗೇ ತಿಳಿದಿರಲಿಲ್ಲ.

ವರ್ಜೀನಿಯಾದ ದಕ್ಷಿಣದ ತಂಬಾಕು ಸೀಮೆಯ ಕ್ಷೌರಿಕನ ಮಗ ಅವರು. ಅಪ್ಪನ ಅಂಗಡಿಯಲ್ಲಿ ಕೂದಲು ಗುಡಿಸುತ್ತ, ಊರವರ ಜಗಳ ಕೇಳುತ್ತ ಬೆಳೆದರು. ಮೊದಲು ಸರ್ಕಾರಿ ವಕೀಲ, ಆಮೇಲೆ ಕೆಳಕೋರ್ಟಿನ ಜಡ್ಜ್. ಅಲ್ಲಿ ಶಿಕ್ಷೆ ಹೇಳಿದ ದಿನ ಮನೆಯಲ್ಲಿ ಊಟ ಮುಟ್ಟುತ್ತಿರಲಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಅಧ್ಯಕ್ಷರು ಅವರ ಹೆಸರನ್ನು ಫೆಡರಲ್ ಮೇಲ್ಮನವಿ ಕೋರ್ಟಿಗೆ ಸೂಚಿಸಿದಾಗ ಸೆನೆಟ್ಟಿನವರು ಒಪ್ಪಿಗೆ ಕೊಡದೆ ವರ್ಷಕ್ಕೂ ಮೇಲೆ ಕಾಯಿಸಿ ಸತಾಯಿಸಿದರು. ‘ಇಲ್ಲಿ ಯಾರ ಮುಖವನ್ನೂ ನೋಡ್ಬೇಕಾಗಿಲ್ಲ ವರ್ನಾ, ಬರೀ ಕಾಗದ,’ ಎಂದು ಬಂದ ಹೊಸದರಲ್ಲಿ ನನ್ನೆದುರು ನಿಟ್ಟುಸಿರು ಬಿಟ್ಟಿದ್ದರು. ಕಾನೂನು ಬರೆದಂತೆಯೇ ನಡೆಯಬೇಕು ಎಂಬ ಹಟಮಾರಿ. ನಾನೂ ಕಡಿಮೆಯವಳಲ್ಲ, ಜಗಳ ನಮಗೆ ದಿನದ ಕಾಫಿಯಷ್ಟೇ ರೂಢಿ.

ಕೊಲೆಯ ಅಪರಾಧಿ ಎಂದು ಜೈಲಿನಲ್ಲಿದ್ದ ಡೆರಿಕ್ ಗೋಲ್ಸನ್‌ನ ಮೇಲ್ಮನವಿ ನಮ್ಮಲ್ಲಿಗೆ ಬಂದ ದಿನ, ಸಂಜೆ ಆರಕ್ಕೇ ಅವನ ಮರಣದಂಡನೆ ನಿಗದಿಯಾಗಿತ್ತು. ಅವನ ಪರ ಹೊಸ ಸಾಕ್ಷಿಯೊಬ್ಬಳು ಸಿಕ್ಕಿದ್ದಳು. ಆದರೆ ಹಿಂದಿನ ವಕೀಲ ಅವಳನ್ನು ಸಕಾಲಕ್ಕೆ ಹುಡುಕಿರಲಿಲ್ಲ. ಕಾನೂನಿನ ಪ್ರಕಾರ ಅವಧಿ ಮೀರಿತ್ತು. ಬೇರೆ ರಾಜ್ಯದಿಂದ ಬಂದಿದ್ದ ಅವನ ಈಗಿನ ವಕೀಲ ಪ್ರೂಯಿಟ್ ಬೆಳಿಗ್ಗೆ ಪ್ರಾಣ ಪಣಕ್ಕಿಟ್ಟವನಂತೆ ವಾದಿಸಿದ. ಜಡ್ಜ್ ಕೆಳಗಿಳಿದು ಬಂದರು. ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದರು. ನಾನು ಪಡಸಾಲೆಗೆ ಬಂದೆ.

ಅಲ್ಲಿ ಬೆಂಚಿನ ಮೇಲೆ ಡೆರಿಕ್‌ನ ತಾಯಿ ಎರ್ನೆಸ್ಟೀನ್ ಕೂತಿದ್ದಳು. ಪ್ರೂಯಿಟ್ ಓಡಿಬಂದ.

‘ಗೆದ್ವಿ ಅನ್ಸುತ್ತಮ್ಮಾ! ದೊಡ್ಡ ಜಡ್ಜೇ ಎರಡೂ ಕೈಲಿ ಹಿಡ್ಕೊಂಡ್ರು, ಬಿಡ್ಲೇ ಇಲ್ಲ!’

‘ಹಂಗಾದ್ರೆ ಜೈಲಿಗೆ ಹೋಗಲ್ಲಪ್ಪ. ಈಗ ಹೋದ್ರೆ ನನ್ನ ಮುಖ ನೋಡಿ ಕೊನೇ ಸಲ ಅನ್ಕೊಂಡ್ಬಿಡ್ತಾನೆ. ಆರ್ಡರ್ ಕೈಗೆ ಬಂದ್ಮೇಲೆ ಹೋಗ್ತೀನಿ,’ ಎಂದು ಆಕೆ ಕಣ್ಣೊರೆಸಿಕೊಂಡಳು. ಚೀಲದಿಂದ ಹ್ಯಾಮ್ ಬಿಸ್ಕೆಟ್, ಹಂದಿಮಾಂಸವಿಟ್ಟ ಪುಟ್ಟ ಬನ್ನು, ತೆಗೆದು ಅವನಿಗೂ ಒಂದು ಕೊಟ್ಟಳು.

ಜೈಲಿನಲ್ಲಿ ಭೇಟಿ ಮೂರು ಗಂಟೆಗೆ ಮುಗಿಯುತ್ತದೆ. ಹೆದ್ದಾರಿಯಲ್ಲಿ ಗಂಟೆಗೂ ಮೇಲಿನ ದಾರಿ. ಆಗಲೇ ಒಂದು ಹೊಡೆದಿತ್ತು. ನಾನು ಜಡ್ಜ್ ಕೋಣೆಗೆ ನುಗ್ಗಿದೆ.

‘ನಿಮ್ಮ ಕೈ ಆಯಮ್ಮನ ಮನೆ ಹಾಳು ಮಾಡ್ತಿದೆ, ಜಡ್ಜ್!’

ಎಲ್ಲ ಹೇಳಿದೆ. ಅವರು ತಮ್ಮ ಅಂಗೈ ನೋಡಿಕೊಂಡರು. ‘ಯಾವಾಗಿಂದ ಹೀಗ್ ಮಾಡ್ತಿದೀನಿ?’

‘ನಾನು ಬಂದಾಗಿಂದ. ಅದಿರ್ಲಿ, ಮತ ಬದಲಾಯಿಸ್ರಿ.’

‘ನಾನು ಕೈ ಹಿಡಿದೆ ಅಂತ ಕಾನೂನು ಬದಲಾಗಲ್ಲ, ವರ್ನಾ.’

‘ಹಾಗಾದ್ರೆ ಹೆತ್ತೋಳು ಮಗನ್ನ ಕೊನೇ ಸಲ ನೋಡ್ದೇ ಇರ್ಬೇಕಾ?’

ಮತ ಹಾಕಲು ಮೂವರು ನ್ಯಾಯಾಧೀಶರು ಸೇರುವ ಗುಪ್ತ ಸಭೆ ಇನ್ನೂ ನಡೆದಿರಲಿಲ್ಲ. ಅಲ್ಲಿ ಕಿರಿಯರು ಮೊದಲು ಮಾತಾಡಬೇಕು, ಹಿರಿಯರಾದ ಇವರು ಕೊನೆಗೆ. ಅದಕ್ಕೂ ಮುಂಚೆ ಕಕ್ಷಿದಾರರ ಕಡೆಯವರೊಡನೆ ಒಂದು ಮಾತಾಡಿದರೂ ಜಡ್ಜ್ ಅವರ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಅವರು ಗಡಿಯಾರ ನೋಡಿದರು. ಎದ್ದರು. ನಿಲುವಂಗಿಯನ್ನು ಕುರ್ಚಿಯ ಮೇಲೆ ಎಸೆದು ಸೀದಾ ಪಡಸಾಲೆಗೆ ನಡೆದರು. ನಾನು ಹಿಂದೆಯೇ ಓಡಿದೆ.

‘ಅಮ್ಮಾ, ನಿಮ್ಮ ಮಗನ ಹತ್ರ ಹೋಗಿ. ಈಗ್ಲೇ.’

ಎರ್ನೆಸ್ಟೀನ್ ಅವರನ್ನೇ ದಿಟ್ಟಿಸಿದಳು. ‘ಗೆದ್ದೋರಿಗೂ ಹಿಂಗೇ ಹೇಳ್ತೀರಾ, ಸಾಹೇಬ್ರೇ?’

ಆಕೆ ಚೀಲವನ್ನು ಅಲ್ಲೇ ಬಿಟ್ಟು ಎದ್ದಳು. ಪ್ರೂಯಿಟ್ ಕಾರಿನ ಕೀಲಿ ಹಿಡಿದು ಹಿಂದೆ ಓಡಿದ.

ಸಭೆಯಲ್ಲಿ ಜಡ್ಜ್ ಮೊದಲು ತಾವು ಮಾಡಿದ್ದನ್ನು ಹೇಳಿದರಂತೆ. ಪೀಠ ಬಿಡಲೂ ಸಿದ್ಧ ಎಂದರಂತೆ. ಬೇರೊಬ್ಬರನ್ನು ಕೂರಿಸುವಷ್ಟು ಹೊತ್ತಿಲ್ಲ, ನೀವೇ ಇರಿ ಎಂದರು ಉಳಿದಿಬ್ಬರು. ಎಲ್ಲರಿಗಿಂತ ಕಿರಿಯ ಜಡ್ಜ್ ದಂಡನೆ ತಡೆಯೋಣ ಎಂದರು. ಎರಡನೆಯವರು ಬೇಡ ಎಂದರು. ಕೊನೆಯ ಮತ ಇವರದು. ಬೇಡ.

ಎರ್ನೆಸ್ಟೀನ್ ಗೇಟು ಮುಚ್ಚುವ ಮುನ್ನ ಒಳಗೆ ಹೋದಳೆಂದು ಪ್ರೂಯಿಟ್ ಫೋನಿನಲ್ಲಿ ಅಳುತ್ತ ಹೇಳಿದ. ನಮಗಿಂತ ಮೇಲಿನ ಕೋರ್ಟೂ ದಂಡನೆ ತಡೆಯಲಿಲ್ಲ. ಆರು ಹೊಡೆದಾಗ ಜಡ್ಜ್ ದೀಪ ಹಾಕದೆ ಕೂತಿದ್ದರು. ಅವರ ಮೇಲೆ ನನಗೆ ಕೆಂಡದಂಥ ಕೋಪ, ಕರುಳು ಹಿಂಡುವಷ್ಟು ಕನಿಕರ, ಎರಡೂ.

‘ಸಿಟ್ಟಾ, ವರ್ನಾ?’

‘ಹೌದು.’

‘ನಾಳೆ ಕೆಲಸಕ್ಕೆ ಬರ್ತೀಯಾ?’

‘ಇಲ್ಲ. ನಾಳೆ ಆಯಮ್ಮನ ಮನೆಗೆ ಹೋಗ್ತೀನಿ.’

‘ನಾನು ಬರೋ ಹಾಗಿಲ್ಲ, ಅಲ್ವಾ?’

‘ಇಲ್ಲ, ಜಡ್ಜ್,’ ಎಂದೆ.