ಹೊಸ್ತಿಲಲ್ಲಿ ಹೇಳಿದ ‘ಬರ್ತೇವ್ರಿ’

ಈಗಷ್ಟೇ ಕಣ್ಣು ಬಿಡುತ್ತಿರುವ ಕಂಪನಿಗಳಿಗೆ ಬಂಡವಾಳ ಹಾಕಿ ಪಾಲು ಪಡೆಯುವ ಸಣ್ಣ ಸಂಸ್ಥೆ ನಮ್ಮದು. ಆಫೀಸು ಕಲಬುರಗಿಯಲ್ಲಿ. ಹಣ ಹಾಕಲು ಒಪ್ಪಿದರೆ ‘ಬರ್ತೇವಿ’ ಎನ್ನುತ್ತೇವೆ, ಒಪ್ಪದಿದ್ದರೆ ‘ನೋಡ್ತೇವಿ’. ಎರಡೇ ಶಬ್ದಗಳಲ್ಲಿ ವ್ಯವಹಾರ ಮುಗಿಸುತ್ತೇವೆಂದು ನಮ್ಮ ಸಾಹೇಬರಿಗೆ ಹೆಮ್ಮೆ.

ಅವತ್ತು ಆಳಂದದ ಒಂದು ಮನೆ. ನೆನಪು ಅಲ್ಲಿನ ಕಿಟಕಿಯಲ್ಲಿ ಬೆಕ್ಕೊಂದನ್ನು ಕೂರಿಸುತ್ತದೆ. ಅದು ಅಫಜಲಪುರದ ಬೇರೆ ಮನೆಯ ಬೆಕ್ಕು, ಈ ಕಥೆಯಿಂದ ಓಡಿಸಿದ್ದೇನೆ. ಉಳಿದವರು ಒಬ್ಬ ಹುಡುಗಿ, ಅವಳ ತಾಯಿ. ತೊಗರಿಯ ತೇವ ಅಳೆಯುವ ಡಬ್ಬಿಯೊಂದನ್ನು ಹುಡುಗಿ ಮಾಡಿದ್ದಳು. ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯವರು ಕಾಳನ್ನು ಹಲ್ಲಿನಲ್ಲಿ ಕಡಿದು ಹೇಳುವುದನ್ನು ಅದು ಹಲ್ಲಿಲ್ಲದೆ ಹೇಳುತ್ತಿತ್ತು. ಸಾಹೇಬರು ಆದರೂ ಒಂದು ಕಾಳು ಕಡಿದೇ ನೋಡಿದರು.

ಸುಗ್ಗಿಯೊಳಗೆ ಇನ್ನಷ್ಟು ಡಬ್ಬಿ ಮಾಡಲು ಅವಳಿಗೆ ಬಂಡವಾಳ ಬೇಕಿತ್ತು. ಸಿಗದಿದ್ದರೆ ಡಬ್ಬಿಯನ್ನು ಹಕ್ಕುಸಮೇತ ಕೊಳ್ಳಲು ಕಾದಿದ್ದ ವ್ಯಾಪಾರಿಗೆ ಅದನ್ನು ಮಾರಿ ಕೈತೊಳೆದುಕೊಳ್ಳಬೇಕಿತ್ತು.

“ಮುಂದ ನಾವು ಹೊರಗ ಹೋಗೋದು ಹೆಂಗ, ಯೋಚನೆ ಮಾಡೀಯೇನಮ್ಮ?” ಎಂದು ಸಾಹೇಬರು ಕೇಳಿದರು. ನಮ್ಮ ಪಾಲು ಮಾರಿ ಹೊರಬೀಳುವ ದಾರಿ ಎಂದರ್ಥ. ತಾಯಿ ಗಾಬರಿಯಾದರು.

“ಈಗರ ಬಂದೀರಿ, ಹೋಗೋ ಮಾತ್ಯಾಕ್ರಿ ಭಾಯಿ? ಚಾ ಆಗಾಕತ್ತದ.”

“ಅಮ್ಮೀ, ಅವ್ರು ರೊಕ್ಕದ ಮಾತು ಹೇಳಾಕತ್ತಾರ.”

“ರೊಕ್ಕಾನೂ ಚಾ ಕುಡದೇ ಹೋಗ್ಲಿ ಬೇ.”

ಚಹಾ ಮುಗಿಸಿ ಸಾಹೇಬರು ‘ನೋಡ್ತೇವಿ’ ಎನ್ನುವ ಮುಖದಲ್ಲೇ ಎದ್ದರು. ಆದರೆ ನಮ್ಮ ಕಡೆ ಯಾರ ಮನೆಯಿಂದಲೂ ‘ಹೋಗ್ತೇವಿ’ ಎಂದು ಹೊರಡುವಂತಿಲ್ಲ. ಹೊಸ್ತಿಲಲ್ಲಿ ಒಂದು ಕಾಲು ಬೂಟಿನೊಳಗೆ, ಇನ್ನೊಂದು ಗಾಳಿಯಲ್ಲಿ.

“ಬರ್ತೇವ್ರಿ,” ಎಂದರು.

“ಖರೇನ ಬರ್ತೀರೇನ್ರಿ ಸರ್?” ಎಂದಳು ಹುಡುಗಿ.

“ಬರ್ತೇವಮ್ಮ, ಬರ್ತೇವಿ,” ಎಂದರು, ಲೇಸಿನೊಂದಿಗೆ ಗುದ್ದಾಡುತ್ತ.

ಕಲಬುರಗಿ ಮುಟ್ಟುವ ಮೊದಲೇ ಅವಳ ಫೋನು ಬಂತು. ವ್ಯಾಪಾರಿಗೆ ಡಬ್ಬಿ ಮಾರುವುದಿಲ್ಲ ಎಂದು ಹೇಳಿಬಿಟ್ಟಿದ್ದಳು.

“ಹೊಂಟೇವಿ ಅನ್ನಾಕ ಬರ್ತೇವಿ ಅಂದಿದ್ನಲೇ!” ಸಾಹೇಬರು ನನ್ನ ಮೇಲೆ ಹರಿಹಾಯ್ದರು.

“ಹಂಗಾರ ಹೋಗಿ ಹೇಳ್ರಿ ಸರ್, ಬರ್ತೇವಿ ಅಂದ್ರ ಬರಂಗಿಲ್ಲ ಅಂತ,” ಎಂದೆ.

ಮರುವಾರ ಅದನ್ನು ಹೇಳಲೆಂದೇ ಹೋದೆವು. ಹೇಳಲಿಲ್ಲ. ಸಾಹೇಬರಿಗೆ ಬಾಯಿ ಬರಲಿಲ್ಲವೋ, ದಾರಿಯ ಅಡತಿ ಅಂಗಡಿಯಲ್ಲಿ ಡಬ್ಬಿಯ ಕೆಲಸ ನೋಡಿ ಮನಸ್ಸು ಬದಲಾಯಿತೋ, ತಿಳಿಯದು. ಆಫೀಸಿನಲ್ಲಿ ಎರಡನೆಯದನ್ನೇ ಹೇಳುತ್ತೇವೆ. ಕೇಳಲು ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಬಾಗಿಲು ತೆರೆದ ತಾಯಿಯ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ:

“ಬರ್ತೇವಿ ಅಂದಿದ್ರಿ, ಬಂದ್ರಿ ನೋಡ್ರಿ. ಬೂಟು ಬಿಚ್ಚಿ ಒಳಗ ಬರ್ರಿ.”

ಬಿಚ್ಚಿದರು. ನಮ್ಮ ಹಣದಲ್ಲಿ ಸುಗ್ಗಿಗೆ ಡಬ್ಬಿಗಳು ತಯಾರಾದವು. ಈಗ ಸಾಹೇಬರು ಯಾರ ಮನೆಯಿಂದ ಎದ್ದರೂ ಲೇಸು ಕಟ್ಟಿ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.