ಚಿಕ್ಕಬೋರಮ್ಮ ಹಡಗು ಹತ್ತಿದ್ದು

ಕೆರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಬೋರಮ್ಮನ ಫ್ಲೆಕ್ಸ್ ಕಂಡ ದಿನ, ಇದನ್ನು ಬರೆಯುತ್ತಿರುವ ಮಹಾಶಯ ಚಪ್ಪಲಿ ಕಳಚಿ ಕೈಮುಗಿದುಬಿಟ್ಟ. ತಪ್ಪು ಪೂರ್ತಿ ಅವನದಲ್ಲ. ನಮ್ಮ ಕಡೆ ವಯಸ್ಸಾದ ಹೆಂಗಸಿನ ಮುಖ ಅಷ್ಟು ದೊಡ್ಡದಾಗಿ ಫ್ಲೆಕ್ಸಿನ ಮೇಲೆ ಬರುವುದು, ಅದನ್ನು ನೋಡಲು ಆಕೆ ಇಲ್ಲದಾಗ ಮಾತ್ರ. ಕೆಳಗಿನ ಅರ್ಧಕ್ಕೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ನಿಂತಿದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ. ಮೇಲೆ ಕೈಜೋಡಿಸಿದ ಮುದುಕಿ, ಹಿಂದೆ ನೀಲಿ ನೀರು, ನೀರಿನ ಮೇಲೆ ಮದುವೆ ಛತ್ರದಂಥ ಬಿಳಿ ಹಡಗು. ಹಸುವಿನ ಬಾಲ ಹಿಡಿದು ವೈತರಣಿ ದಾಟುವ ಕಾಲ ಹೋಯಿತು, ಮಗ ಅವ್ವನಿಗೆ ಹಡಗನ್ನೇ ಗೊತ್ತುಮಾಡಿಕೊಟ್ಟಿದ್ದಾನೆ ಎಂದು ಈತ ಒಳಗೊಳಗೇ ಮೆಚ್ಚಿಕೊಂಡ. ಅಷ್ಟರಲ್ಲಿ ತೀರಿಕೊಂಡವಳೇ ಡೇರಿ ಕಡೆಯಿಂದ ಖಾಲಿ ಕ್ಯಾನು ಹಿಡಿದು ಬಂದಳು.

"ಯಾಕಪ್ಪ, ನಾನಿಲ್ಲಿವ್ನಿ, ಅಲ್ಲಿ ಕೈ ಮುಗೀತಾ ಇದ್ದೀಯಲ್ಲ?"

ಟ್ರ್ಯಾಕ್ಟರು ಸರಿದ ಮೇಲೆ ಅಕ್ಷರ ಕಂಡವು. 'ಸಮುದ್ರಯಾನ ಮುಗಿಸಿ ಮರಳಿದ ಮಾತೃಶ್ರೀ ಚಿಕ್ಕಬೋರಮ್ಮನವರಿಗೆ ಹಾರ್ದಿಕ ಸ್ವಾಗತ. ಕೋರುವವರು: ರಘುನಂದನ್ ಗೆಳೆಯರ ಬಳಗ.' ಮಾತೃಶ್ರೀಯ ಹೆಸರಿಗಿಂತ ರಘುನಂದನ್ ಹೆಸರು ಒಂದು ಗೇಣು ದೊಡ್ಡದಾಗಿತ್ತು.

ಚಿಕ್ಕಬೋರಮ್ಮ ದುದ್ದದ ಕಡೆಯ ಹೆಣ್ಣು, ಕೆರಗೋಡಿಗೆ ಸೊಸೆಯಾಗಿ ಬಂದವಳು. ನಾಲೆ ನೀರಿನ ಗದ್ದೆ, ಒಂದಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಸದಾ ಎರಡು ಎಮ್ಮೆ. ಗಂಡ ಪುಟ್ಟಸ್ವಾಮಿ ಕೆಟ್ಟವನಲ್ಲ. ಆದರೆ ಒಮ್ಮೆ ಊರವರ ಜೊತೆ ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ ಎಂದು ಹೊರಟವನು ಮಲ್ಪೆಯಲ್ಲಿ ಸಮುದ್ರ ನೋಡಿಕೊಂಡು ಬಂದ. ಅಂದಿನಿಂದ ಅವನನ್ನು ಹಿಡಿಯುವವರಿಲ್ಲ. ಅವಳೂ ಹೋಗಬೇಕಿತ್ತು. ಹೊರಡುವ ಹಿಂದಿನ ದಿನ ಎಮ್ಮೆ ಈಯಿತು, ಉಳಿದಳು.

ಸಮುದ್ರಕ್ಕೆ ಆಚೆ ದಡವೇ ಇಲ್ಲ ಎಂದು ಪುಟ್ಟಸ್ವಾಮಿ ಹೇಳಿದ. ಅವಳು ನಂಬಲಿಲ್ಲ. ಕೆರೆಗೆ ಏರಿ ಇರಬೇಕು, ಗದ್ದೆಗೆ ಬದು ಇರಬೇಕು, ನೀರು ಅಂದ ಮೇಲೆ ಎಲ್ಲೋ ಒಂದು ಕಡೆ ತಡೆ ಇರಲೇಬೇಕು ಎಂಬುದು ಅವಳ ವಾದ. "ದಡ ಇಲ್ದೆ ನೀರು ಎಂಗೆ ನಿಂತ್ಕತದೆ? ನಿನ್ ಕಣ್ಗೆ ಕಾಣ್ನಿಲ್ಲ ಅನ್ನು" ಎಂದಿದ್ದಳು. ಆ ಜಗಳ ಆ ಮನೆಯಲ್ಲಿ ಸಂಸಾರದಷ್ಟೇ ಉದ್ದ ನಡೆಯಿತು. ಸಾರಿಗೆ ಉಪ್ಪು ಹೆಚ್ಚಾದರೂ, ಬೀಗರ ಮನೆಗೆ ಹೋಗುವ ದಾರಿಯ ವಿಷಯಕ್ಕೂ, ಪುಟ್ಟಸ್ವಾಮಿಯ ಕೊನೆಯ ಅಸ್ತ್ರ ಒಂದೇ: ಸಮುದ್ರ ನೋಡದವರು ಬಾಯಿ ಮುಚ್ಚಿಕೊಂಡಿರಬೇಕು. ಹಾಗೆ ಗೆಲ್ಲುತ್ತಲೇ ಇದ್ದು, ಒಂದು ಬೇಸಿಗೆಯಲ್ಲಿ ತೀರಿಕೊಂಡ. ವಾದ ಅರ್ಧಕ್ಕೇ ನಿಂತಿತು. ಒಂದು ಸಲ ಕಣ್ಣಾರೆ ನೋಡಿ, ದಡ ಇದೆಯೋ ಇಲ್ಲವೋ ತಿಳಿದುಕೊಂಡುಬಿಡಬೇಕು ಎಂಬುದೊಂದು ಅವಳ ಮನಸ್ಸಿನಲ್ಲಿ ಉಳಿದುಕೊಂಡಿತು.

ಮಗ ರಘುನಂದನ್ ಮಂಡ್ಯದಲ್ಲಿ ಚರಂಡಿ, ಕಲ್ವರ್ಟು ಕಂಟ್ರಾಕ್ಟು ಮಾಡುತ್ತಾನೆ. ಹಾಲಿನ ಸೊಸೈಟಿಗೆ ಡೈರೆಕ್ಟರ್ ಆಗಬೇಕೆಂದು ಹಂಬಲವಿರುವುದರಿಂದ, ನಡೆಯುವಾಗಲೂ ಎರಡೂ ಕಡೆ ಕೈಮುಗಿದುಕೊಂಡೇ ನಡೆಯುತ್ತಾನೆ. ಕಳೆದ ದಸರಾ ರಜೆಗೆ ಅವನ ಹೆಂಡತಿ ಕುಸುಮ ಮೊಬೈಲಿನಲ್ಲಿ ಒಂದು ಹಡಗು ಹುಡುಕಿದಳು. ಮುಂಬಯಿಯಿಂದ ಹೊರಟು ಮೂರು ರಾತ್ರಿ ನೀರಿನ ಮೇಲಿದ್ದು ವಾಪಸು. ಇಡೀ ಹಡಗು ಕಾರ್ಟೂನಿನ ಒಂದು ನೀಲಿ ಆನೆಯದು. ಮಕ್ಕಳಿಗೆ ಆ ಆನೆಯ ಜೊತೆ ತಿಂಡಿ, ಜಾರುವ ನೀರಿನ ಕೊಳವೆ, ಜಾದೂ, ಬಣ್ಣ ಬಳಿಯುವ ಕೋಣೆ, ಬೆಳಗಿನಿಂದ ಸಂಜೆವರೆಗೆ ಆಡಿಸಲು ಟೀಚರಮ್ಮಂದಿರು. ಮಕ್ಕಳ ಕಾಟವಿಲ್ಲದ ದೊಡ್ಡವರಿಗೆ ಎಣ್ಣೆ ಮಾಲೀಸು, ಡ್ಯಾನ್ಸು, ಇಸ್ಪೀಟಾಡುವ ಕೋಣೆ, ದಿನಕ್ಕೆ ಐದಾರು ಸಲ ಊಟ. ಅವ್ವನೂ ಬರಲಿ ಎಂದು ಕುಸುಮಳೇ ಮೊದಲು ಹೇಳಿದಳು. ಸೊಸೆ ಹೀಗೆ ಕರೆದದ್ದು ಚಿಕ್ಕಬೋರಮ್ಮನಿಗೆ ಎಷ್ಟು ಹಿಡಿಸಿತೆಂದರೆ, ಎಮ್ಮೆ ಹಾಲು ಕರೆಯಲು ಪಕ್ಕದ ಮನೆ ದೇವಿರಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿಂದ ಸಮುದ್ರ ಕಾಣುತ್ತದೆಯೇ?

ರಘುನಂದನ್ ನಕ್ಕ. "ಅಡಗು ಓಗೋದು ಗದ್ದೆ ಬಯಲ್ ಮ್ಯಾಲಾ ಅವ್ವ?"

ಮುಂಬಯಿಯಲ್ಲಿ ಹಡಗು ಹತ್ತಿದ್ದು ಗೊತ್ತಾಗಲೇ ಇಲ್ಲ. ಒಂದು ದೊಡ್ಡ ಕಟ್ಟಡ, ಅದರೊಳಗಿಂದ ತಗಡು ಹೊದಿಸಿದ ಓಣಿ, ಓಣಿ ಮುಗಿದರೆ ಕೆಂಪು ಜಮಖಾನ. ಕಂಕುಳಲ್ಲಿ ಮೊಮ್ಮಗ, ಒಂದೂವರೆ ವರ್ಷದ ಕೂಸು, ಕಿವಿ ಕಿತ್ತುಹೋಗುವಂತೆ ಅಳುತ್ತಿತ್ತು. ಎಲ್ಲಿದ್ದೇವೆ ಎಂದು ಕೇಳಿದಾಗ, ಹಡಗಿನೊಳಗೇ ಇದ್ದೇವೆ ಎಂದರು.

ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಅಮೃತ, ಮೂವರಿಗೂ ಬಾಲ್ಕನಿ ಇರುವ ರೂಮು. ಅಜ್ಜಿಗೂ ಕೂಸಿಗೂ ಒಳಗಿನ ರೂಮು. ನಾಲ್ಕು ಗೋಡೆ, ಒಂದು ಬಾಗಿಲು, ಕಿಟಕಿಯಿಲ್ಲ. ಹಾಸಿಗೆಯ ಮೇಲೆ ಟವೆಲ್ಲು ಮಡಚಿ ಮಾಡಿದ ಆನೆಯೊಂದು ಕುಳಿತಿತ್ತು. ಬಾಗಿಲು ತೆರೆಯುವ ಕಾರ್ಡನ್ನು, ಕಳೆದುಹಾಕುತ್ತಾಳೆಂದು ರಘುನಂದನ್ ತನ್ನ ಜೇಬಿನಲ್ಲೇ ಇಟ್ಟುಕೊಂಡ. ಹೊರಗೆ ಹೋದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಹುಷಾರು ಎಂದೂ ಹೇಳಿದ.

ಸಮುದ್ರ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಟಿವಿ ಹಾಕಿಕೊಟ್ಟ. ಹಡಗಿನ ನೆತ್ತಿಯ ಮೇಲೊಂದು ಕ್ಯಾಮೆರಾ ಇದೆಯಂತೆ, ಹೊರಗೆ ಕಾಣುವುದೆಲ್ಲ ಇದರಲ್ಲೇ ಬರುತ್ತದಂತೆ. ಬೂದುಬಣ್ಣದ್ದೇನೋ ಅಲ್ಲಾಡಿತು. ಅವಳು ಹತ್ತಿರ ಹೋಗಿ, ಸೆರಗಿನಿಂದ ಗಾಜು ಒರೆಸಿ, ಆಚೆ ದಡಕ್ಕಾಗಿ ಹುಡುಕತೊಡಗಿದಳು. ಕೂಸಿಗೆ ಆ ಚಾನೆಲ್ಲು ಬೇಡವಾಗಿತ್ತು. ಅದು ಅತ್ತಿತು. ರಘುನಂದನ್ ನೀಲಿ ಆನೆಯ ಕಾರ್ಟೂನು ಹಾಕಿ ಹೊರಟುಹೋದ. ಸಮುದ್ರವನ್ನು ಮತ್ತೆ ಕರೆಯುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಕೂಸಿಗೆ ಹೊಟ್ಟೆ ಕೆಟ್ಟಿತು. ಮೊಣಕೈ ಚಾಚಿದರೆ ಗೋಡೆಗೆ ತಾಗುವ ಬಚ್ಚಲಿನಲ್ಲಿ ಅವಳು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಟವೆಲ್ಲಿನ ಆನೆಯೂ ಬಿಚ್ಚಿ ಆ ಕೆಲಸಕ್ಕೇ ಹೋಯಿತು. ಮಧ್ಯಾಹ್ನ ಅಮೃತ ಕೆನ್ನೆಗೆ ನೀಲಿ ಬಣ್ಣ ಬಳಿಸಿಕೊಂಡು, ಅಮ್ಮ ಕೊಟ್ಟ ಕೇಕು ಹಿಡಿದು ಬಂದಳು. ತಮ್ಮನನ್ನೂ ಆಡಲು ಕರೆದುಕೊಂಡು ಹೋಗೆಂದು ಅಜ್ಜಿ ಹೇಳಿದಳು. ಮೂರು ವರ್ಷ ತುಂಬದವರನ್ನು ಅಲ್ಲಿ ಸೇರಿಸುವುದಿಲ್ಲವಂತೆ.

"ಅಮ್ಮಂಗೆ ಟಿಕೆಟ್ ಮಾಡುವಾಗ್ಲೇ ಗೊತ್ತಿತ್ತು. ಅದಕ್ಕೇ ಅಲ್ವಾ ಅಜ್ಜಿ ನಿನ್ನ ಕರ್ಕೊಂಡ್ ಬಂದಿದ್ದು?"

ಮಗುವಿನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಒಂದು ಏಟು ಹಾಕಿ ಸುಮ್ಮನಾಗಬಹುದಿತ್ತು. ಚಿಕ್ಕಬೋರಮ್ಮ ಕೇಕನ್ನು ತಿನ್ನದೆ ಮೇಜಿನ ಮೇಲೆ ಮಡಗಿದಳು. ಆಳಿಗೆ ಕರೆದಿದ್ದರೆ ಆಳಾಗಿಯೇ ಬರುತ್ತಿದ್ದಳು, ಜೀವಮಾನವೆಲ್ಲ ಗೇಯ್ದವಳಿಗೆ ಅದರಲ್ಲಿ ನಾಚಿಕೆಯಿಲ್ಲ. ಇವರೋ ಬಾಯಿ ತುಂಬ ಅವ್ವ ಎಂದು ಕರೆದು ತಂದಿದ್ದರು.

ಸಂಜೆ ಮಗ ಬಂದಾಗ ಜೀವನದಲ್ಲಿ ಮೊದಲ ಸಲ ಅವನ ಕೈ ಹಿಡಿದುಕೊಂಡು ಕೇಳಿದಳು. "ಒಂದ್ಗಳಿಗೆ ಮ್ಯಾಕೆ ಕರ್ಕಂಡೋಗ್ಲಾ ಮಗ. ನೋಡ್ಬುಟ್ಟು ಬಂದ್ಬುಡ್ತೀನಿ."

"ಗಾಳಿ ಕಣವ್ವ, ಪಾಪುಗೆ ಇಡೀತದೆ. ನಾಳೆ ನೋಡುವೆ ಬುಡು, ಸಮುದ್ರ ಎಲ್ಲೋದದು."

ಹೇಳಿದಂತೆ ಮಾರನೆಯ ದಿನ ಮೇಲಕ್ಕೆ ಕರೆಸಿಕೊಂಡರು, ನಿಜ. ರೇಷ್ಮೆ ಸೀರೆ ಉಡಿಸಿ, ಕೂಸನ್ನು ಕುಸುಮಳ ಕೈಗೆ ಕೊಡಿಸಿ, ಲಿಫ್ಟಿನಲ್ಲಿ ಏರಿಸಿ, ದೀಪಗಳು ಉರಿಯುವ ದೊಡ್ಡ ಕೋಣೆಯಲ್ಲಿ ನಿಲ್ಲಿಸಿ ಕೈಮುಗಿಯಲು ಹೇಳಿದರು. ಫೋಟೋ ಹೊಡೆಯುವವನು ನಗಿ ಎಂದು ಸನ್ನೆ ಮಾಡಿದ. ಬೆನ್ನ ಹಿಂದೆ ನೀಲಿ ನೀರಿದೆ ಎಂದು ಅವಳಿಗೆ ಅನ್ನಿಸಿ, ಆಚೆ ದಡ ನೋಡಲು ಗಕ್ಕನೆ ತಿರುಗಿದಳು. ಕೈಗೆ ಸಿಕ್ಕಿದ್ದು ಬಟ್ಟೆ. ಅದರ ತುಂಬ ಸಮುದ್ರವನ್ನೂ ಹಡಗನ್ನೂ ಅಚ್ಚು ಹಾಕಿದ್ದರು. ಫೋಟೋ ಮುಗಿಯುವ ಹೊತ್ತಿಗೆ ಕೂಸು ಕುಸುಮಳ ಹೊಸ ಗೌನಿನ ಮೇಲೆ ಕಕ್ಕಿತು. ಅಜ್ಜಿಯನ್ನೂ ಅದನ್ನೂ ಕೆಳಗಿಳಿಸಿದರು. ಕೊನೆಯ ಬೆಳಗ್ಗೆ ಬಾಗಿಲು ತೆರೆದಾಗ ಹಡಗನ್ನು ಆಗಲೇ ದಡಕ್ಕೆ ಕಟ್ಟಿದ್ದರು. ಮತ್ತೆ ತಗಡಿನ ಓಣಿ, ಮತ್ತೆ ಕಟ್ಟಡ.

ಊರಿಗೆ ಬಂದವಳು ಯಾರಿಗೂ ಏನೂ ಹೇಳಲಿಲ್ಲ. ಫ್ಲೆಕ್ಸ್ ಎದ್ದಿತು. ಭಾನುವಾರ ರಘುನಂದನ್ ಸೊಸೈಟಿ ಮೆಂಬರುಗಳಿಗೆಲ್ಲ ಮುದ್ದೆ, ಬಾಡೂಟ ಹಾಕಿಸಿದ. ಊಟಕ್ಕೆ ಮೊದಲು ಅವನದೊಂದು ಭಾಷಣ: ಹೆತ್ತವ್ವನ ಒಂದು ಆಸೆ ತೀರಿಸಲಾರದವನು ಊರಿಗೇನು ಮಾಡಿಯಾನು, ತಾನು ತೀರಿಸಿದ್ದೇನೆ, ಉಳಿದದ್ದು ನಿಮ್ಮ ಕೈಯಲ್ಲಿದೆ. ಮಾತಾಡುತ್ತ ಮಾತಾಡುತ್ತ ಅವನ ಕಣ್ಣಲ್ಲೇ ನೀರು ಬಂತು. ಅವ್ವನ ಕಿವಿಯಲ್ಲಿ ಮಾತ್ರ, ಚೆನ್ನಾಗಿತ್ತು ಅಂದುಬಿಡು ಸಾಕು ಎಂದು ಮೊದಲೇ ಹೇಳಿಟ್ಟಿದ್ದ.

ಹಾಗೆಂದುಬಿಟ್ಟರೆ ಅವಳಿಗೂ ನಷ್ಟವಿರಲಿಲ್ಲ. ಪುಟ್ಟಸ್ವಾಮಿಯಂತೆ ಅವಳೂ ಇನ್ನು ಊರಲ್ಲಿ ಸಮುದ್ರ ನೋಡಿದವಳು. ದಡ ಇದೆ ಎಂದರೂ ನಡೆಯುತ್ತಿತ್ತು, ಇಲ್ಲ ಎಂದರೂ ನಡೆಯುತ್ತಿತ್ತು. ಗಂಡನ ಜೊತೆಗಿನ ವಾದವನ್ನು ಸುಳ್ಳು ಹೇಳಿ ಗೆಲ್ಲುವುದಾಗಿದ್ದರೆ ಯಾವತ್ತೋ ಗೆಲ್ಲಬಹುದಿತ್ತು. ಅವಳು ಎಲೆಗಳ ಸಾಲಿನ ತುದಿಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು.

ಗೆಳೆಯರ ಬಳಗದ ಸಂತೋಷ್ ಮೊಬೈಲು ಎತ್ತಿ ಹಿಡಿದು ಎದುರಿಗೆ ಬಂದ. ಎಲ್ಲರೂ ಸುಮ್ಮನಿರಬೇಕೆಂದು ಕೈ ಮಾಡಿದ. ಗಂಟಲು ಸರಿಮಾಡಿಕೊಂಡು ಪುಸ್ತಕದ ದನಿಯಲ್ಲಿ ಕೇಳಿದ:

"ಅಜ್ಜಿ, ಅಷ್ಟು ದೊಡ್ಡ ಸಮುದ್ರವನ್ನು ನೋಡಿದಾಗ ಸಾಕ್ಷಾತ್ ಭಗವಂತನೇ ಕಂಡಂಗಾಯ್ತಾ?"

ಚಿಕ್ಕಬೋರಮ್ಮ ಮಗನ ಮುಖ ನೋಡಿದಳು, ಆಮೇಲೆ ಮೊಬೈಲು ನೋಡಿದಳು.

"ಬಗವಂತನೂ ಕಾಣ್ನಿಲ್ಲ, ಸಮುದ್ರಾನೂ ಕಾಣ್ನಿಲ್ಲ ಕಣ್ಲಾ. ಮೂರು ದಿನ ಇವ್ನ ಕೂಸಿನ ಮುಕಳಿ ತೊಳ್ಕಂಡು ಬಂದೆ."